ಬಾಣಂತಿಯ ಹೊಲಿಗೆಗೂ ಒಂದು ಚರಿತ್ರೆ ಇದೆ



ಬರಹ ಉದ್ದ ಇದೆ, ಸಾವಧಾನವಾಗಿ ಓದಿ. ಗಂಡಸರು "ಇದು ಹೆಂಗಸರ ವಿಷಯ" ಅಂತ ಜಾರಿಕೊಂಡು ಹೋಗಬೇಡಿ. ಇದು ನಿಮಗೂ ಸೇರಿದ್ದು.

ನಮ್ಮ ಚಳವಳಿಯಲ್ಲಿ ಕೆರೆ ನೀರಿನ ಚರಿತ್ರೆ ಮಾತಾಡಿದ್ದೀವಿ, ದೇವಸ್ಥಾನದ ಬಾಗಿಲಿನ ಚರಿತ್ರೆ ಮಾತಾಡಿದ್ದೀವಿ, ಜೀತದ್ದು, ಭೂಮಿದು ಎಲ್ಲಾ ಮಾತಾಡಿದ್ದೀವಿ. ಆದರೆ ನಮ್ಮ ಅವ್ವಂದಿರು ಹೆತ್ತ ಮೇಲೆ ಅವರ ಮೈಯಲ್ಲಿ ಆದ ಗಾಯ ಹೇಗೆ ಮಾಯ್ತು, ಮಾಯೋಕೆ ಅವರಿಗೆ ಎಷ್ಟು ದಿನ ಸಿಕ್ತು, ಆ ಗಾಯ ಇಟ್ಕೊಂಡೇ ಎಷ್ಟು ಜನ ಗದ್ದೆಗೆ ಇಳಿದರು ಅನ್ನೋದನ್ನ ಯಾವ ವೇದಿಕೆಯಲ್ಲೂ ನಾನು ಕೇಳಿಲ್ಲ. ಹೆಂಗಸರ ಸಭೆಗಳಲ್ಲೂ ಇದನ್ನ ಟೀ ಕುಡಿಯುವಾಗ ಪಿಸುಮಾತಲ್ಲಿ ಹೇಳ್ಕೊತೀವಿ, ಮೈಕ್ ಹತ್ತಿರ ಹೇಳಲ್ಲ.

ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. ಹೆರಿಗೆ ಗಾಯ ಎಲ್ಲ ಜಾತಿ ಹೆಂಗಸರಿಗೂ ಒಂದೇ ಥರ ಆಗುತ್ತೆ. ಆದರೆ ಅದು ಮಾಯೋಕೆ ಬೇಕಾದ ದಿನಗಳನ್ನ ಈ ದೇಶದಲ್ಲಿ ಜಾತಿ ನೋಡಿ, ಕೂಲಿ ನೋಡಿ ಹಂಚಿದ್ದಾರೆ. ಆ ದಿನಗಳನ್ನ ಹಕ್ಕು ಅಂತ ಕೇಳಿದ ದೊಡ್ಡವರಲ್ಲಿ ಬಾಬಾಸಾಹೇಬರೂ ಒಬ್ಬರು.

ಮೊದಲು ಗಾಯದ ವಿಷಯ

ಯೋನಿಗೂ ಗುದಕ್ಕೂ ನಡುವೆ ಇರೋ ಜಾಗವನ್ನ ಡಾಕ್ಟರುಗಳು ಪೆರಿನಿಯಂ ಅಂತಾರೆ. ನಮ್ಮ ಕಡೆ ಅದಕ್ಕೆ ಹೆಸರು ಹೇಳೋಕೇ ನಾಚಿಕೆ, "ಕೆಳಗಡೆ" ಅಂತಾರೆ ಅಷ್ಟೆ. ಮಗುವಿನ ತಲೆ ಬರುವಾಗ ಆ ಜಾಗ ಹಿಗ್ಗಬೇಕು. ಕೆಲವರಿಗೆ ಮೇಲಿನ ಚರ್ಮ ಮಾತ್ರ ಹರಿಯುತ್ತೆ, ಕೆಲವರಿಗೆ ಒಳಗಿನ ಮಾಂಸಖಂಡವೂ ಹರಿಯುತ್ತೆ. ಅಪರೂಪಕ್ಕೆ ಮಲ ತಡೆದು ಹಿಡಿಯೋ ಸ್ನಾಯುವರೆಗೂ ಹೋಗುತ್ತೆ. ಇದನ್ನ ಒಂದರಿಂದ ನಾಲ್ಕು ಡಿಗ್ರಿ ಅಂತ ಲೆಕ್ಕ ಹಾಕ್ತಾರೆ. ಇನ್ನು ಕೆಲವು ಸಲ ತಾನಾಗಿ ಹರಿಯೋ ಮುಂಚೆಯೇ ಕತ್ತರಿ ಹಾಕ್ತಾರೆ. ಅದಕ್ಕೆ ಎಪಿಸಿಯಾಟಮಿ ಅಂತ ಹೆಸರು. ಆಮೇಲೆ ಹೊಲಿಗೆ.

ಹೊಲಿಗೆ ಬಿದ್ದ ಬಾಣಂತಿಗೆ ಕೂತರೆ ನೋವು, ಉಚ್ಚೆ ಹೊಯ್ದರೆ ಉರಿ, ಕಕ್ಕಸಿಗೆ ಹೋಗೋಕೆ ಭಯ. ಸಣ್ಣ ಗಾಯ ಆದರೆ ಒಂದೆರಡು ವಾರದಲ್ಲಿ ನೋವು ಇಳಿಯುತ್ತೆ. ಆಳದ ಗಾಯ ಆದರೆ ಆರು ವಾರ ಹಿಡಿಯುತ್ತೆ, ಕೆಲವರಿಗೆ ತಿಂಗಳುಗಟ್ಟಲೆ. ಆರು ವಾರ ಅನ್ನೋದನ್ನ ನೆನಪಿಟ್ಕೊಳ್ಳಿ. ಮುಂದೆ ಇದು ಕಾನೂನಿನಲ್ಲೂ ಬರುತ್ತೆ.

ಸೂಲಗಿತ್ತಿಯ ಕೈ

ನಮ್ಮಜ್ಜಿ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸೂಲಗಿತ್ತಿ ಆಗಿದ್ದೋರು. ನಾನು ಪಿಯುಸಿ ಓದುವಾಗ ತೀರಿಕೊಂಡರು. ನಮ್ಮ ಜಿಲ್ಲೆಯ ಸೂಲಗಿತ್ತಿಯರೆಲ್ಲ ದಲಿತರೇ ಅಂತ ನಾನು ಹೇಳ್ತಿಲ್ಲ. ಸವಿತಾ ಸಮಾಜದ ಹೆಂಗಸರಿದ್ದರು, ಬೇರೆ ಶೂದ್ರ ಜಾತಿಗಳ ಅಜ್ಜಿಯರಿದ್ದರು. ಆದರೆ ನಮ್ಮ ಕೇರಿಯಿಂದ ಹೋಗುತ್ತಿದ್ದೋರು ಮಾಡಿದ ಕೆಲಸಕ್ಕೆ ಬೇರೆಯದೇ ಬೆಲೆ ಕಟ್ಟುತ್ತಿದ್ದರು, ಅದನ್ನ ಹೇಳ್ತೀನಿ.

ಅಜ್ಜಿ ಹೆರಿಗೆ ಮಾಡಿಸೋದನ್ನ ಅವ್ವ ಪಕ್ಕದಲ್ಲಿ ಕೂತು ನೋಡಿದ್ದರು. ಅವ್ವ ಹೇಳೋ ಪ್ರಕಾರ ಅಜ್ಜಿ ಯಾವತ್ತೂ ಅವಸರ ಮಾಡುತ್ತಿರಲಿಲ್ಲ. ಬಸುರಿಯನ್ನ ಅಂಗಾತ ಮಲಗಿಸುತ್ತಿರಲಿಲ್ಲ. ಜಂತೆಗೆ ಹಗ್ಗ ಕಟ್ಟಿ ಅದನ್ನ ಹಿಡ್ಕೊಂಡು ಕುಕ್ಕರಗಾಲಲ್ಲಿ ಕೂರೋಕೆ ಹೇಳುತ್ತಿದ್ದರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನ ಕೆಳಗಡೆ ಒತ್ತಿ ಹಿಡಿಯುತ್ತಿದ್ದರು. ಹರಳೆಣ್ಣೆ ಸವರುತ್ತಿದ್ದರು. ತಲೆ ಕಾಣಿಸಿದ ಮೇಲೆ "ಈಗ ತಿಣುಕಬ್ಯಾಡ ಕಣವ್ವ, ಬಾಯಿ ಬಿಟ್ಟು ಉಸಿರು ಬಿಡು" ಅಂತ ಅಂಗೈ ಅಡ್ಡ ಕೊಟ್ಟು ತಲೆಯನ್ನ ನಿಧಾನಕ್ಕೆ ಬರಮಾಡಿಕೊಳ್ಳುತ್ತಿದ್ದರು. ಹರಿಯಬಾರದು ಅನ್ನೋದೇ ಅಷ್ಟೆಲ್ಲದರ ಉದ್ದೇಶ. ಅವರ ಹತ್ತಿರ ಹೊಲಿಯೋ ಸೂಜಿ ಇರಲಿಲ್ಲ. ಹಾಗಾಗಿ ಹರಿಯದ ಹಾಗೆ ನೋಡಿಕೊಳ್ಳೋದೇ ಅವರ ವಿದ್ಯೆ.

ಊರಿನ ದೊಡ್ಡ ಮನೆಯಲ್ಲಿ ನೋವು ಶುರುವಾದರೆ ಅರ್ಧರಾತ್ರಿಗೂ ಆಳು ಬಂದು ಕೂಗೋನು. ಅಜ್ಜಿ ಹಿತ್ತಲ ಬಾಗಿಲಿಂದ ಒಳಗೆ ಹೋಗಬೇಕು. ಆಗ ಮುಟ್ಟಬಹುದು. ಆ ಮನೆ ಹೆಣ್ಣುಮಗಳ ಮೈಯನ್ನ, ರಕ್ತವನ್ನ, ಮಗುವನ್ನ ಮೊದಲು ಮುಟ್ಟೋ ಕೈ ಅವರದೇ. ಮಾಸು ಹೂಳೋದು ಅವರೇ, ರಕ್ತದ ಬಟ್ಟೆ ಎತ್ತೋದೂ ಅವರೇ. ಹನ್ನೊಂದನೇ ದಿನ ಪುರುಡು ಕಳೆದು, ಮನೆ ಸಾರಿಸಿ, ಪುಣ್ಯಾಹ ಆದ ಮೇಲೆ ಅದೇ ಅಜ್ಜಿ ಮತ್ತೆ ಹೊರಗೆ. ಕೊಟ್ಟದ್ದು ಒಂದು ಮೊರ ರಾಗಿ, ಎಲೆ ಅಡಿಕೆ, ಹಳೇ ಸೀರೆ. ಅದನ್ನೂ ಮೇಲಿಂದ ಸೆರಗಿಗೆ ಹಾಕುತ್ತಿದ್ದರು. ಹುಟ್ಟಿದ ಮಗುವನ್ನ ಎತ್ತಿ ಕೊಟ್ಟ ಕೈಗೆ ಲೋಟದಲ್ಲಿ ನೀರು ಕೊಡುತ್ತಿರಲಿಲ್ಲ.

ಈ ವಿದ್ಯೆಗೆ ಸರ್ಕಾರದ ಮಟ್ಟದ ಗೌರವ ಬಂದದ್ದು ತುಂಬಾ ತಡ. ಪಾವಗಡದ ಸೂಲಗಿತ್ತಿ ನರಸಮ್ಮನವರು ಸುಮಾರು ಎಪ್ಪತ್ತು ವರ್ಷ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನ ದುಡ್ಡು ತಗೊಳ್ಳದೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ಕ್ಕೆ ಆ ತಾಯಿ ತೀರಿಕೊಂಡರು. ಅವರು ತಮ್ಮ ಅಜ್ಜಿ ಮರಿಗೆಮ್ಮನಿಂದ ಕಲಿತದ್ದು. ನಮ್ಮಲ್ಲಿ ಈ ವಿದ್ಯೆ ಬಂದಿದ್ದೇ ಹೀಗೆ, ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ.

ಇಲ್ಲಿ ಇನ್ನೊಂದು ಹೆಸರು ಹೇಳಲೇಬೇಕು. 1863ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ ಬಸಿರಾದ ಬ್ರಾಹ್ಮಣ ವಿಧವೆಯರಿಗೆ ಹೆರಿಗೆ ಆಗೋಕೆ ಅಂತ ಒಂದು ಮನೆ ತೆರೆದರು. ಆ ಹೆಂಗಸರಿಗೆ ಅವರ ಸ್ವಂತ ಮನೆಯಲ್ಲಿ ಬಾಣಂತನ ಇರಲಿಲ್ಲ, ಇದ್ದದ್ದು ಬಾವಿ ಇಲ್ಲಾ ನೇಣು. ಅವರನ್ನ ಕಾದವಳು ಒಬ್ಬ ಶೂದ್ರ ಹೆಣ್ಣುಮಗಳು. ಅಲ್ಲಿ ಹುಟ್ಟಿದ ಒಂದು ಮಗುವನ್ನೇ ಫುಲೆ ದಂಪತಿ ದತ್ತು ತಗೊಂಡು ಯಶವಂತ ಅಂತ ಸಾಕಿದರು.

ಎರಡು ಥರದ ಬಾಣಂತನ

ಬಾಣಂತನ ಅಂದ ತಕ್ಷಣ ಟಿವಿಯಲ್ಲಿ, ಯೂಟ್ಯೂಬಲ್ಲಿ ಏನು ತೋರಿಸ್ತಾರೆ? ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಹೊಟ್ಟೆ ಕಟ್ಟು, ತುಪ್ಪ, ಅಂಟಿನುಂಡೆ, ಮೂರು ತಿಂಗಳು ಕತ್ತಲೆ ಕೋಣೆ. "ನಮ್ಮ ಸಂಸ್ಕೃತಿ" ಅಂತಾರೆ. ಯಾರ ಸಂಸ್ಕೃತಿ ಅದು? ಹಂಡೆ ತುಂಬ ನೀರು ಕಾಯಿಸೋಕೆ ಸೌದೆ ಇರಬೇಕು, ಸೌದೆ ತರೋಕೆ ಆಳಿರಬೇಕು. ಮೂರು ತಿಂಗಳು ಒಂದು ಜೀವ ದುಡಿಯದೆ ಕೂತರೂ ಮನೆ ನಡೆಯೋಷ್ಟು ಕಣಜದಲ್ಲಿ ಕಾಳಿರಬೇಕು.

ನಮ್ಮ ಕೇರಿಯಲ್ಲಿ ಬಾಣಂತನ ಅಂದರೆ ಹನ್ನೊಂದು ದಿನ. ನಾಟಿ ಕಾಲ, ಕುಯ್ಲಿನ ಕಾಲ ಬಂದರೆ ಅದೂ ಇಲ್ಲ. ನಮ್ಮವ್ವ ನನ್ನ ಅಣ್ಣನನ್ನ ಹೆತ್ತ ಒಂಬತ್ತನೇ ದಿನಕ್ಕೆ ರಾಗಿ ಕುಯ್ಲಿಗೆ ಹೋಗಿದ್ದರು. ಮಗುವನ್ನ ಬದುವಿನ ಮೇಲೆ ಹೊಂಗೆಮರದ ನೆರಳಲ್ಲಿ ಹರಕು ಸೀರೆ ಜೋಲಿಯಲ್ಲಿ ಹಾಕಿ, ಸೊಂಟ ಬಗ್ಗಿಸಿ ಕುಡುಗೋಲು ಹಿಡಿದರು. ಕೆಳಗೆ ಹರಿದಿತ್ತಂತೆ. ಹೊಲಿಗೆ ಹಾಕೋರು ಯಾರೂ ಇರಲಿಲ್ಲ. ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ತೊಳೆದುಕೊಂಡು, ಹಳೇ ಬಟ್ಟೆ ಕಟ್ಟಿಕೊಂಡು ಹೋದದ್ದು. ಆ ಗಾಯ ತಾನಾಗಿ ಅಡ್ಡಾದಿಡ್ಡಿ ಮಾಯ್ತು. ಅವ್ವನಿಗೆ ಈಗ ಎಪ್ಪತ್ತರ ಮೇಲಾಗಿದೆ. ಕೆಮ್ಮಿದರೆ, ನಕ್ಕರೆ ಇವತ್ತಿಗೂ ಉಚ್ಚೆ ತಡೆಯೋಕಾಗಲ್ಲ. ಐವತ್ತು ವರ್ಷದಿಂದ ಇದನ್ನ ಯಾರಿಗೂ ಹೇಳಿರಲಿಲ್ಲ. ನಮ್ಮ ಕೇರಿಯಲ್ಲಿ ಹೀಗಿರೋ ಅಜ್ಜಿಯರನ್ನ ಎಣಿಸಿದರೆ ಎರಡು ಕೈ ಬೆರಳು ಸಾಲಲ್ಲ. "ವಯಸ್ಸಾಯ್ತು" ಅಂತ ಸುಮ್ಮನಾಗಿದ್ದಾರೆ. ಅದು ವಯಸ್ಸಿನದಷ್ಟೇ ಅಲ್ಲ, ಹೆತ್ತ ಮೈಗೆ ವಿಶ್ರಾಂತಿ ಕೊಡದೆ ದುಡಿಸಿದ್ದೂ ಅದರಲ್ಲಿದೆ.

ಬಿಳಿಯರು, ಮಹಾರಾಜರು, ಮತ್ತು "ಕೊಳಕು ಕೈ"

1885ರಲ್ಲಿ ವೈಸರಾಯ್ ಹೆಂಡತಿ ಲೇಡಿ ಡಫರಿನ್ ಹೆಸರಲ್ಲಿ ಹೆಂಗಸರ ಆಸ್ಪತ್ರೆಗಳಿಗೆ, ಲೇಡಿ ಡಾಕ್ಟರುಗಳಿಗೆ ಅಂತ ಒಂದು ನಿಧಿ ಶುರುವಾಯ್ತು. 1903ರಲ್ಲಿ ಲೇಡಿ ಕರ್ಜನ್ ಸೂಲಗಿತ್ತಿಯರಿಗೆ ತರಬೇತಿ ಕೊಡೋಕೆ ವಿಕ್ಟೋರಿಯಾ ಹೆಸರಲ್ಲಿ ಇನ್ನೊಂದು ನಿಧಿ ತೆಗೆದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ 1935ರಲ್ಲಿ ಬಂತು. ಇವತ್ತಿಗೂ ನಮ್ಮ ನಾಲ್ಕೂ ತಾಲ್ಲೂಕಿನಿಂದ ಕಷ್ಟದ ಹೆರಿಗೆ ಅಂದರೆ ಆಂಬುಲೆನ್ಸ್ ಅಲ್ಲಿಗೂ ಓಡುತ್ತೆ. ಎಷ್ಟೋ ಜೀವ ಉಳಿಸಿದ ಆಸ್ಪತ್ರೆ ಅದು.

ಆದರೆ ಅದೇ ಕಾಲದಲ್ಲಿ ಇನ್ನೊಂದು ಕೆಲಸವೂ ನಡೀತು. 1927ರಲ್ಲಿ ಅಮೆರಿಕದ ಕ್ಯಾಥರಿನ್ ಮೇಯೋ "ಮದರ್ ಇಂಡಿಯಾ" ಅನ್ನೋ ಪುಸ್ತಕ ಬರೆದಳು. ಅದರಲ್ಲಿ ಸೂಲಗಿತ್ತಿಯನ್ನ ಕೊಳಕು, ಅಜ್ಞಾನಿ, ಅಸ್ಪೃಶ್ಯ ಅಂತ ಚಿತ್ರಿಸಿದಳು. ದೇಶಾಭಿಮಾನಿಗಳು ಕೆಂಡವಾದರು, ಉತ್ತರವಾಗಿ ಎಷ್ಟೋ ಪುಸ್ತಕ ಬರೆದರು. ದೇಶದ ಮಾನ ಹೋಯ್ತು ಅನ್ನೋದು ಅವರ ಸಿಟ್ಟು. ಆದರೆ ಈ ಕೆಲಸ ಯಾಕೆ ಅಸ್ಪೃಶ್ಯರ ಪಾಲಿಗೆ ಬಂತು, ಕೈ ತೊಳೆಯೋಕೆ ನೀರನ್ನೇ ಕೊಡದ ಊರು ಅವಳನ್ನ ಕೊಳಕು ಅನ್ನೋದು ಹೇಗೆ ಅನ್ನೋ ಪ್ರಶ್ನೆ ಆ ಗಲಾಟೆಯಲ್ಲಿ ಹಿಂದೆ ಬಿತ್ತು. ನೆನಪಿರಲಿ, ಬಾಬಾಸಾಹೇಬರು ಮಹಾಡಿನಲ್ಲಿ ಚೌದಾರ್ ಕೆರೆ ನೀರು ಮುಟ್ಟಿದ್ದೂ ಅದೇ 1927ರಲ್ಲೇ.

ಹಾಗಂತ ಹಳೇ ಕಾಲ ಚಿನ್ನದ ಕಾಲ ಅಂತ ನಾನು ಹೇಳಲ್ಲ. ದಯವಿಟ್ಟು ಈ ಬರಹ ಹಿಡ್ಕೊಂಡು "ಮನೆಯಲ್ಲೇ ಹೆರಿಗೆ ಮಾಡಿಸೋಣ" ಅಂತ ಯಾರೂ ಹೊರಡಬೇಡಿ. ಕುಡುಗೋಲಲ್ಲಿ ಹೊಕ್ಕಳುಬಳ್ಳಿ ಕುಯ್ದು ಧನುರ್ವಾಯು ಆಗಿ ಸತ್ತ ಕೂಸುಗಳು, ರಕ್ತ ನಿಲ್ಲದೆ ಸತ್ತ ತಾಯಂದಿರು ನಮ್ಮ ಕೇರಿಯಲ್ಲೇ ಹೆಚ್ಚು. ಭಾರತ ತಾಯಿ ಮಕ್ಕಳ ಧನುರ್ವಾಯುವನ್ನ ನಿರ್ಮೂಲ ಮಾಡಿದೆ ಅಂತ ಘೋಷಣೆ ಆಗಿದ್ದೇ 2015ರಲ್ಲಿ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸಾಯುತ್ತಿದ್ದ ತಾಯಂದಿರು 2004-06ರಲ್ಲಿ 213, 2018-20ಕ್ಕೆ 69. ಇದು ಆಸ್ಪತ್ರೆಯಿಂದ, ಲಸಿಕೆಯಿಂದ, ಆಶಾ ಅಕ್ಕಂದಿರ ಓಡಾಟದಿಂದ ಆದದ್ದು. ಆಸ್ಪತ್ರೆ ನಮ್ಮದು, ಅದನ್ನ ಬಿಡೋ ಮಾತೇ ಇಲ್ಲ. ನಮ್ಮ ಮೈಯನ್ನ ಅಲ್ಲಿ ಹೇಗೆ ನಡೆಸಿಕೊಳ್ತಾರೆ ಅಂತ ಕೇಳೋ ಹಕ್ಕೂ ನಮ್ಮದೇ.

ಕತ್ತರಿ ಬಂದ ದಾರಿ

ಹೆರಿಗೆಯಲ್ಲಿ ಕತ್ತರಿ ಹಾಕೋದನ್ನ ಮೊದಲು ಬರೆದಿಟ್ಟವರಲ್ಲಿ ಐರ್ಲೆಂಡಿನ ಫೀಲ್ಡಿಂಗ್ ಔಲ್ಡ್ ಒಬ್ಬ. 1742ರಲ್ಲಿ, ಡಬ್ಲಿನ್‌ನಲ್ಲಿ. ಅವನು ಹೇಳಿದ್ದು ಮಗು ಸಿಕ್ಕಿಹಾಕಿಕೊಂಡಾಗ ಮಾತ್ರ ಅಂತ. ಅದು ಎಲ್ಲರಿಗೂ ಹಾಕೋ ಪದ್ಧತಿ ಆಗಿದ್ದು ಇಪ್ಪತ್ತನೇ ಶತಮಾನದಲ್ಲಿ. 1920ರಲ್ಲಿ ಶಿಕಾಗೋದ ಡಾಕ್ಟರ್ ಜೋಸೆಫ್ ಡೀಲೀ, ಮುನ್ನೆಚ್ಚರಿಕೆಯಾಗಿ ಕತ್ತರಿಸಿ, ಇಕ್ಕಳ ಹಾಕಿ ಮಗು ತೆಗೆಯೋದೇ ಒಳ್ಳೇದು ಅಂತ ಬರೆದ. ಹೆರಿಗೆ ಅನ್ನೋದೇ ಒಂದು ರೋಗದ ಥರ ಅನ್ನೋದು ಅವನ ಯೋಚನೆ. ತಾನಾಗಿ ಹರಿಯೋದಕ್ಕಿಂತ ನೆಟ್ಟಗೆ ಕತ್ತರಿಸಿದ್ದು ಚೆನ್ನಾಗಿ ಮಾಯುತ್ತೆ ಅಂತ ಡಾಕ್ಟರುಗಳು ನಂಬಿದರು. ಪಾಠದ ಪುಸ್ತಕಗಳ ಮೂಲಕ ಅದು ನಮ್ಮ ದೇಶಕ್ಕೂ ಬಂತು. ಅಂಗಾತ ಮಲಗಿಸು, ಕಾಲು ಎತ್ತಿ ಕಟ್ಟು, ಕತ್ತರಿ ಹಾಕು, ಹೊಲಿ. ಚೊಚ್ಚಲ ಹೆರಿಗೆ ಅಂದರೆ ಎಷ್ಟೋ ಕಡೆ ಇದು ಕಡ್ಡಾಯದ ಹಾಗೇ ಆಯ್ತು.

ಇದಕ್ಕೆ ಸಾಕ್ಷಿ ಎಲ್ಲಿದೆ ಅಂತ ಗಟ್ಟಿಯಾಗಿ ಕೇಳೋಕೆ ಅರವತ್ತು ವರ್ಷ ಬೇಕಾಯ್ತು. 1983ರಲ್ಲಿ ಅಮೆರಿಕದ ಥ್ಯಾಕರ್ ಮತ್ತು ಬಾಂಟಾ ಹಳೇ ದಾಖಲೆಗಳನ್ನೆಲ್ಲ ತಿರುವಿ ಹಾಕಿ, ಎಲ್ಲರಿಗೂ ಕತ್ತರಿಸೋದರಿಂದ ಲಾಭ ಇದೆ ಅನ್ನೋದಕ್ಕೆ ಸರಿಯಾದ ಪುರಾವೆ ಇಲ್ಲ ಅಂತ ತೋರಿಸಿದರು. 1993ರಲ್ಲಿ ಅರ್ಜೆಂಟೀನಾದಲ್ಲಿ 2,606 ಹೆಂಗಸರ ಮೇಲೆ ಮಾಡಿದ ಅಧ್ಯಯನದ ಫಲಿತಾಂಶ ಬಂತು. ಬೇಕೇಬೇಕಾದಾಗ ಮಾತ್ರ ಕತ್ತರಿಸಿದ ಗುಂಪಿನಲ್ಲಿ ದೊಡ್ಡ ಹರಿತಗಳು ಹೆಚ್ಚಾಗಲಿಲ್ಲ. ನೋವು ಕಡಿಮೆ ಇತ್ತು, ಗಾಯ ಮಾಯೋ ತೊಂದರೆಗಳೂ ಕಡಿಮೆ ಇದ್ದವು. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಕತ್ತರಿ ಹಾಕೋ ಪದ್ಧತಿ ಸರಿಯಲ್ಲ ಅಂದಿತು. 2018ರ ಮಾರ್ಗಸೂಚಿಯಲ್ಲಿ ಮತ್ತೆ ಹೇಳಿತು. ಕತ್ತರಿಸಲೇಬೇಕಾಗಿ ಬಂದರೆ ಆ ಜಾಗ ಮರಗಟ್ಟೋ ಔಷಧ ಕೊಡಬೇಕು, ಹೆಂಗಸಿಗೆ ತಿಳಿಸಿ ಒಪ್ಪಿಗೆ ತಗೋಬೇಕು ಅಂತಲೂ ಹೇಳಿತು.

ಅದೇ 2018ರ ಮಾರ್ಗಸೂಚಿ ಹರಿಯೋದನ್ನ ಕಡಿಮೆ ಮಾಡೋಕೆ ಏನು ಮಾಡಿ ಅಂದಿದೆ ಗೊತ್ತಾ? ಬಿಸಿಬಟ್ಟೆ ಒತ್ತಿ ಹಿಡಿಯಿರಿ, ನೀವಿರಿ, ಅಂಗೈ ಆಸರೆ ಕೊಡಿ. ಜಿನೀವಾದಲ್ಲಿ ಕೂತ ತಜ್ಞರು ಬರೆದದ್ದನ್ನ ಓದುವಾಗ ನನಗೆ ಕಣ್ಣ ಮುಂದೆ ಬಂದದ್ದು ಅಜ್ಜಿ ಕೈ. ಹಿತ್ತಲ ಬಾಗಿಲಲ್ಲಿ ಬಂದು ಹಿತ್ತಲ ಬಾಗಿಲಲ್ಲೇ ಹೋದ ಕೈ.

ನನ್ನ ಹೊಲಿಗೆ

2008ರಲ್ಲಿ ನನ್ನ ಮೊದಲ ಹೆರಿಗೆ ಆಯ್ತು, ಒಂದು ಆಸ್ಪತ್ರೆಯಲ್ಲಿ. ಕತ್ತರಿ ಹಾಕ್ತೀವಿ ಅಂತ ಯಾರೂ ಹೇಳಲಿಲ್ಲ, ಕೇಳಲೂ ಇಲ್ಲ. ಹೊಲಿಯುವಾಗ ಒಂದೊಂದು ಚುಚ್ಚೂ ಗೊತ್ತಾಯ್ತು. ಕಿರುಚಿದೆ. "ಆವಾಗ ಇಲ್ದೇ ಇರೋ ನೋವು ಈಗ ಬಂತಾ?" ಅಂದರು. ಈ ಮಾತು ಕೇಳದ ಬಡ ಹೆಂಗಸು ನಮ್ಮ ಕಡೆ ಇದ್ದಾಳಾ? ಮಾರನೇ ದಿನ ಸರ್ಕಾರದ ದುಡ್ಡಿಗೆ ಅಂತ ಜಾತಿ ಸರ್ಟಿಫಿಕೇಟು ವಾರ್ಡಿನ ನಡುವೆ ನಿಂತು ಜೋರಾಗಿ ಕೇಳಿದರು. ಅದಾದ ಮೇಲೆ ಪಕ್ಕದ ಮಂಚದವರು ನಮ್ಮವ್ವನ ಫ್ಲಾಸ್ಕಿನಿಂದ ಬಿಸಿನೀರು ಇಸ್ಕೊಳ್ಳೋದು ನಿಲ್ಲಿಸಿದರು. ಹೊಲಿಗೆ ಹೇಗಿದೆ ಅಂತ ಮನೆಗೆ ಕಳಿಸೋವರೆಗೂ ಒಬ್ಬರೂ ನೋಡಲಿಲ್ಲ.

ಆದರೂ ನಾನು ಪುಣ್ಯವಂತೆ. ಬಿಎ ಓದಿ ಕ್ಲರ್ಕ್ ಕೆಲಸ ಸಿಕ್ಕಿತ್ತು, ಸಂಬಳದ ಜೊತೆ ರಜೆ ಸಿಕ್ತು. ನನ್ನ ವಂಶದಲ್ಲಿ ಪೂರ್ತಿ ಬಾಣಂತನ ಕಂಡ ಮೊದಲನೇ ಹೆಂಗಸು ನಾನು. ನನ್ನ ತಂಗಿಗೆ ಅದು ಸಿಗಲಿಲ್ಲ. ಅವಳು ಪವರ್‌ಲೂಮ್ ಶೆಡ್ಡಲ್ಲಿ ಕಂಡಿಕೆ ಸುತ್ತೋಳು. ಇಪ್ಪತ್ತನೇ ದಿನಕ್ಕೆ ವಾಪಸ್ ಹೋದಳು. ದಿನವಿಡೀ ಕೂತು ಮಾಡೋ ಕೆಲಸ, ಶೆಡ್ಡಲ್ಲಿ ಕಕ್ಕಸು ಇಲ್ಲ. ಹೊಲಿಗೆ ಬಿಟ್ಟು ಕೀವಾಯ್ತು, ಜ್ವರ ಬಂತು. ಮತ್ತೆ ಆಸ್ಪತ್ರೆ, ಮತ್ತೆ ಸಾಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಎರಡು ಥರ ಮಾಯ್ತು ಅಂದರೆ, ಮೈಯಲ್ಲಿ ವ್ಯತ್ಯಾಸ ಇರಲಿಲ್ಲ, ರಜೆಯಲ್ಲಿತ್ತು.

ಆರು ವಾರದ ಹೋರಾಟ

1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊದಲನೇ ಸಭೆಯಲ್ಲೇ, ಹೆತ್ತ ಹೆಂಗಸನ್ನ ಆರು ವಾರ ಕೆಲಸಕ್ಕೆ ಹಚ್ಚಬಾರದು ಅಂತ ಒಪ್ಪಂದ ಮಾಡಿತು. ಭಾರತದ ಸರ್ಕಾರ ಅದನ್ನ ಅನುಮೋದಿಸಲಿಲ್ಲ. 1924ರಲ್ಲಿ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ತಂದರು, ಅದು ಬಿದ್ದುಹೋಯ್ತು.

1928ರ ಜುಲೈ 28. ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂತು. ಬಾಬಾಸಾಹೇಬರು ಎದ್ದು ನಿಂತು ಬೆಂಬಲಿಸಿದರು. ಹೆರಿಗೆಗೆ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ಇಡೀ ನಾಡಿನ ಹಿತ ಅಂದರು. ಇದರ ಖರ್ಚನ್ನ ಬಹುಪಾಲು ಸರ್ಕಾರ ಹೊರಬೇಕು ಅಂದರು. ಹೆಂಗಸರ ದುಡಿಮೆಯಿಂದ ಮಾಲೀಕನಿಗೆ ಲಾಭ ಇರೋದರಿಂದ ಅವನೂ ಹೊಣೆ ಹೊರೋದು ನ್ಯಾಯ ಅಂತಲೂ ವಾದಿಸಿದರು. ಮರುವರ್ಷ, 1929ರಲ್ಲಿ, ಮುಂಬೈ ಪ್ರಾಂತ್ಯದ ಹೆರಿಗೆ ಸೌಲಭ್ಯ ಕಾಯ್ದೆ ಆಯ್ತು. ಭಾರತದಲ್ಲಿ ಇದೇ ಮೊದಲನೇದು. ಮೈಸೂರು ಸಂಸ್ಥಾನದ ಕಾಯ್ದೆ ಬಂದದ್ದು 1937ರಲ್ಲಿ.

1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಾಗಲೂ ಬಾಬಾಸಾಹೇಬರು ಇದನ್ನ ಬಿಡಲಿಲ್ಲ. ಗಣಿಗಳಲ್ಲಿ ದುಡಿಯೋ ಹೆಂಗಸರ ಹೆರಿಗೆ ಸೌಲಭ್ಯದ ಕಾಯ್ದೆಗೆ 1943ರಲ್ಲೂ 1945ರಲ್ಲೂ ತಿದ್ದುಪಡಿ ತಂದರು. ಅವರ ಫೋಟೋಗೆ ಹಾರ ಹಾಕೋ ನಮ್ಮ ಗಂಡಸರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಸಂವಿಧಾನ ಬರೆಯೋ ಇಪ್ಪತ್ತು ವರ್ಷ ಮುಂಚೆಯೇ ಅವರು ಬಾಣಂತಿಯ ಪರ ಮಾತಾಡಿದ್ದರು.

ಆಮೇಲೆ 1948ರ ಇಎಸ್‌ಐ ಕಾಯ್ದೆ, 1961ರ ಹೆರಿಗೆ ಸೌಲಭ್ಯ ಕಾಯ್ದೆ ಬಂದವು. 1961ರ ಕಾಯ್ದೆಯ ನಾಲ್ಕನೇ ಸೆಕ್ಷನ್ ಓದಿ: ಹೆತ್ತ ಆರು ವಾರ ಯಾವ ಮಾಲೀಕನೂ ಆ ಹೆಂಗಸಿಂದ ಕೆಲಸ ಮಾಡಿಸುವಂತಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಆರು ವಾರ ಹಾಗೇ ಇದೆ. ಸಂಬಳದ ರಜೆ 12 ವಾರ ಇದ್ದದ್ದು 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಆಯ್ತು.

ಕಾಗದದ ಮೇಲೆ ಚೆಂದ ಇದೆ. ಈಗ ನಮ್ಮ ಜಿಲ್ಲೆಗೆ ಬನ್ನಿ. ದೊಡ್ಡಬಳ್ಳಾಪುರದಲ್ಲಿ ನಾಲ್ಕೈದು ಮಗ್ಗ ಇಟ್ಟ ಮನೆ ಶೆಡ್ಡುಗಳಲ್ಲಿ ಹಾಜರಿ ಪುಸ್ತಕವೇ ಇರಲ್ಲ. ಹೊಸಕೋಟೆ ಕಡೆ ಇಟ್ಟಿಗೆ ಗೂಡಲ್ಲಿ ಗಂಡ ಹೆಂಡತಿ ಜೋಡಿ ಲೆಕ್ಕಕ್ಕೆ ಮುಂಗಡ ತಗೊಂಡಿರ್ತಾರೆ. ಹೆಂಡತಿ ಮಲಗಿದರೆ ಸಾಲ ಬೆಳೆಯುತ್ತೆ. ದೇವನಹಳ್ಳಿ ದ್ರಾಕ್ಷಿ ತೋಟದಲ್ಲಿ, ಹೂವಿನ ತೋಟದಲ್ಲಿ ದಿನಗೂಲಿ. ನೆಲಮಂಗಲದ ಗೋಡೌನುಗಳಲ್ಲಿ ಕಾಂಟ್ರಾಕ್ಟು. ಗಾರ್ಮೆಂಟ್ಸಲ್ಲಿ ಕಾಯಂ ಇದ್ದವರಿಗೆ ರಜೆ ಇದೆ. ಆದರೆ ಹೆರಿಗೆಗೆ ಮುಂಚಿನ ಒಂದು ವರ್ಷದಲ್ಲಿ 80 ದಿನ ದುಡಿದ ದಾಖಲೆ ಬೇಕು. ಹೆಸರು ತೆಗೆದು ಮತ್ತೆ ಸೇರಿಸೋ ಕಡೆ ಆ ದಾಖಲೆ ಎಲ್ಲಿಂದ ತರೋದು?

ಕಾರ್ಖಾನೆ ಹೊರಗಿನ ತಾಯಂದಿರಿಗೆ 2013ರ ಆಹಾರ ಭದ್ರತಾ ಕಾಯ್ದೆ ಕನಿಷ್ಠ 6,000 ರೂಪಾಯಿ ಕೊಡ್ತೀನಿ ಅಂದಿತು. 2017ರಲ್ಲಿ ಬಂದ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಮಾತ್ರ 5,000 ಅಂದಿತು, ಅದೂ ಕಂತಿನಲ್ಲಿ. ಆರು ವಾರಕ್ಕೆ ಭಾಗಿಸಿ ನೋಡಿ, ದಿನಕ್ಕೆ 120 ರೂಪಾಯಿಯೂ ಆಗಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ. ಅಂದರೆ ನಮ್ಮ ಹೆಂಗಸರನ್ನ ಆಸ್ಪತ್ರೆ ಬಾಗಿಲವರೆಗೆ ತಂದದ್ದಾಯ್ತು. ಅಲ್ಲಿಂದ ಮನೆಗೆ ಹೋದ ಮೇಲಿನ ಆರು ವಾರ ಯಾರ ಲೆಕ್ಕದಲ್ಲೂ ಇಲ್ಲ.

ಮನೆಯಲ್ಲಿ ಬಾಣಂತಿ ಇದ್ದರೆ

ಚರಿತ್ರೆ ಹೇಳಿ ಸುಮ್ಮನಾದರೆ ಉಪಯೋಗ ಇಲ್ಲ. ಡಾಕ್ಟರುಗಳು, ನರ್ಸ್ ಅಕ್ಕಂದಿರು ಹೇಳೋದನ್ನ ಇಲ್ಲಿ ಬರೀತೀನಿ.

ಪ್ರತಿ ಸಲ ಉಚ್ಚೆಗೆ ಹೋದಾಗ ಉಗುರುಬೆಚ್ಚಗಿನ ಶುದ್ಧ ನೀರನ್ನ ಮುಂದಿನಿಂದ ಹಿಂದಕ್ಕೆ ಸುರಿದುಕೊಳ್ಳಿ. ಹೊಯ್ಯುವಾಗಲೇ ಸುರಿದುಕೊಂಡರೆ ಉರಿ ಕಡಿಮೆ. ಒರೆಸದೆ ಮೆತ್ತಗೆ ಒತ್ತಿ ಒಣಗಿಸಿ. ಪ್ಯಾಡ್ ಆಗಲಿ ಬಟ್ಟೆ ಆಗಲಿ ನಾಲ್ಕು ಗಂಟೆಗೊಮ್ಮೆ ಬದಲಿಸಿ. ಬಟ್ಟೆಯನ್ನ ನಾಚಿಕೆಗೆ ಮೂಲೆಯಲ್ಲಿ ಒಣಗಿಸಬೇಡಿ, ಬಿಸಿಲಿಗೆ ಹಾಕಿ. ಮೊದಲ ಎರಡು ದಿನ ಊತ ಇದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಲ್ಲಾ ತಣ್ಣೀರು ಬಟ್ಟೆ ಹತ್ತು ನಿಮಿಷ ಇಡಬಹುದು. ಆಮೇಲೆ ಅಗಲದ ಬೇಸಿನ್‌ನಲ್ಲಿ ಬೆಚ್ಚಗಿನ ನೀರು ಹಾಕಿ ದಿನಕ್ಕೆ ಎರಡು ಸಲ ಹತ್ತು ಹದಿನೈದು ನಿಮಿಷ ಕೂತರೆ ಹಿತವಾಗುತ್ತೆ. ನೋವಿಗೆ ಪ್ಯಾರಾಸಿಟಮಾಲ್ ಹಾಲುಣಿಸೋ ತಾಯಿಗೂ ಆಗುತ್ತೆ, ಎಷ್ಟು ಅಂತ ನರ್ಸ್ ಹತ್ತಿರ ಕೇಳಿ. ಹೊಲಿಗೆ ಮೇಲೆ ಬೂದಿ, ಸುಣ್ಣ, ಅರಿಶಿನ ಏನೂ ಹಚ್ಚಬೇಡಿ. ಮಗ್ಗುಲಾಗಿ ಮಲಗಿ ಹಾಲು ಕೊಟ್ಟರೆ ಗಾಯದ ಮೇಲೆ ಭಾರ ಬೀಳಲ್ಲ.

ಬಾಣಂತಿಗೆ ನೀರು ಕೊಡಬಾರದು, ತರಕಾರಿ ಕೊಡಬಾರದು ಅನ್ನೋ ಹಳೇ ಪದ್ಧತಿ ಬಿಟ್ಟುಬಿಡಿ. ನೀರಿಲ್ಲದೆ ಮಲ ಗಟ್ಟಿಯಾಗುತ್ತೆ, ತಿಣುಕಿದರೆ ಹೊಲಿಗೆ ಬಿಡುತ್ತೆ. ರಾಗಿ ಅಂಬಲಿ, ಸೊಪ್ಪಿನ ಸಾರು, ಹಣ್ಣು, ಬೇಕಾದಷ್ಟು ನೀರು ಕೊಡಿ. ನೋವು ಇಳಿದ ಮೇಲೆ ಉಚ್ಚೆ ತಡೆಯೋ ಹಾಗೆ ಕೆಳಗಿನ ಸ್ನಾಯು ಬಿಗಿಹಿಡಿದು ಬಿಡೋ ವ್ಯಾಯಾಮ ಮಾಡಿಸಿ. ಕೆಗೆಲ್ ಅನ್ನೋ ಡಾಕ್ಟರ್ 1948ರಲ್ಲಿ ಇದನ್ನ ಪ್ರಕಟಿಸಿದ. ನಮ್ಮವ್ವನಿಗೆ ಯಾರಾದರೂ ಹೇಳಿಕೊಟ್ಟಿದ್ದರೆ ಎಷ್ಟೋ ಅನುಕೂಲ ಆಗುತ್ತಿತ್ತು.

ಜ್ವರ, ಕೆಟ್ಟ ವಾಸನೆ, ಕೀವು, ಇಳಿಯಬೇಕಾದ ನೋವು ಏರೋದು, ಹೊಲಿಗೆ ಬಿಟ್ಟುಕೊಳ್ಳೋದು, ಮಲ ಅಥವಾ ಗಾಳಿ ತಡೆಯೋಕಾಗದೇ ಇರೋದು, ಇವು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಗಂಟೆಗೊಂದು ಪ್ಯಾಡ್ ತೊಯ್ಯೋಷ್ಟು ರಕ್ತ ಹೋದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಮದುವೆಯಾದ ತಮ್ಮಂದಿರಿಗೆ ಒಂದು ಮಾತು. ಗಾಯ ಮಾಯ್ದು, ಅವಳಿಗೂ ಮನಸ್ಸು ಬರೋವರೆಗೆ ಅವಳ ಹತ್ತಿರ ಹೋಗಬೇಡಿ. ನೀರು ಕಾಯಿಸೋದು, ಬಟ್ಟೆ ಒಗೆಯೋದು ನೀವೇ ಮಾಡಿ. ಜಾತಿ ಮೈಲಿಗೆ ವಿರುದ್ಧ ಭಾಷಣ ಮಾಡೋ ನಾವು ಹೆಂಡತಿಯ ರಕ್ತದ ಬಟ್ಟೆ ಮುಟ್ಟೋಕೆ ಹೇಸಬಾರದು.

ನಾವು ಕೇಳಬೇಕಾದದ್ದು

ಒಂದು, ಹೆರಿಗೆ ವಾರ್ಡಿನಲ್ಲಿ ಹೇಳದೆ ಕೇಳದೆ ಕತ್ತರಿ ಹಾಕಬಾರದು, ಮರಗಟ್ಟಿಸದೆ ಹೊಲಿಯಬಾರದು. ಎರಡು, ಮನೆಗೆ ಕಳಿಸೋ ಮುಂಚೆ ಹೊಲಿಗೆ ನೋಡಬೇಕು, ಹೇಗೆ ತೊಳೆಯಬೇಕು ಅಂತ ಕನ್ನಡದಲ್ಲಿ ಹೇಳಿಕೊಡಬೇಕು. ಮೂರು, ಆಶಾ ಕಾರ್ಯಕರ್ತೆ ಹೆರಿಗೆಯಾದ 3, 7, 14, 21, 28, 42ನೇ ದಿನ ಮನೆಗೆ ಬರಬೇಕು ಅಂತ ನಿಯಮ ಇದೆ. ಮಗು ತೂಕದ ಜೊತೆಗೆ ತಾಯಿ ಗಾಯದ ಬಗ್ಗೆಯೂ ಅವರು ಕೇಳೋ ಹಾಗಾಗಬೇಕು, ಅದಕ್ಕೆ ತಕ್ಕ ಸಂಬಳ ಅವರಿಗೆ ಸಿಗಬೇಕು. ನಾಲ್ಕು, ಕೂಲಿ ಹೆಂಗಸರಿಗೆ, ಮಗ್ಗದವರಿಗೆ, ಗೂಡಿನವರಿಗೆ ಆರು ವಾರದ ಪೂರ್ತಿ ಕನಿಷ್ಠ ಕೂಲಿಯನ್ನ ಸರ್ಕಾರ ಕೊಡಬೇಕು. 1928ರಲ್ಲಿ ಬಾಬಾಸಾಹೇಬರು ಖರ್ಚನ್ನ ಸರ್ಕಾರ ಹೊರಬೇಕು ಅಂದದ್ದು ಇದಕ್ಕೇ.

ಮುಂದಿನ ಸಲ ನಿಮ್ಮ ತಾಲ್ಲೂಕಿನ ಆಸ್ಪತ್ರೆ ರಕ್ಷಾ ಸಮಿತಿ ಸಭೆಗೆ, ಎಸ್‌ಸಿ ಎಸ್‌ಟಿ ಕುಂದುಕೊರತೆ ಸಭೆಗೆ ಹೋದಾಗ ರಸ್ತೆ, ಸ್ಮಶಾನ, ಹಕ್ಕುಪತ್ರದ ಜೊತೆಗೆ ಇದನ್ನೂ ಬರೆದು ಕೊಡಿ. ಹೆಂಗಸರು ಹೇಳೋಕೆ ನಾಚಿದರೆ ಅರ್ಜಿ ನಾನು ಟೈಪ್ ಮಾಡಿ ಕೊಡ್ತೀನಿ, ಇನ್‌ಬಾಕ್ಸಿಗೆ ಬನ್ನಿ. ನಿಮ್ಮ ಅಜ್ಜಿ, ಅವ್ವ ಹೆತ್ತ ಎಷ್ಟನೇ ದಿನಕ್ಕೆ ಕೆಲಸಕ್ಕೆ ಹೋದರು ಅಂತ ಇವತ್ತು ಮನೆಯಲ್ಲಿ ಕೇಳಿ, ಕಾಮೆಂಟಲ್ಲಿ ಆ ದಿನದ ಲೆಕ್ಕ ಬರೀರಿ. ಹೆಸರು ಬೇಡ, ಊರು ಬೇಡ, ಲೆಕ್ಕ ಸಾಕು. ಅರ್ಜಿ ಜೊತೆ ಲಗತ್ತಿಸೋಣ.

ಜೈಭೀಮ್. ಜೈ ಸಾವಿತ್ರಿ.